ನೆನಪಿಸುವ ಖಾತೆ

ನಾನು ಈ ಮನೆಗೆ ಸೊಸೆಯಾಗಿ ಬಂದು 33 ವರ್ಷವಾಯಿತು. ಅಷ್ಟರಲ್ಲಿ ಮನೆಯ ಹಣಕಾಸಿನ ಖಾತೆ ಕೈ ಬದಲಾಯಿಸುತ್ತಲೇ ಬಂದಿದೆ. ಮೊದಲು ಮಾವನವರ ಬಳಿ ಇತ್ತು, ಅವರ ನಂತರ ನಮ್ಮವರಿಗೆ ಬಂತು, ಫೋನಿನಲ್ಲೇ ದುಡ್ಡು ಕಳಿಸುವ ಕಾಲ ಬಂದ ಮೇಲೆ ಅರ್ಧ ನನ್ನ ಕೈಗೂ ಬಂದಿದೆ. ಆದರೆ ನೆನಪಿಸುವ ಖಾತೆ ಮಾತ್ರ ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಒದ್ದು ಒಳಗೆ ಬಂದ ದಿನದಿಂದ ನನ್ನದೇ. ಗ್ಯಾಸ್ ಬುಕ್ ಮಾಡಿದಿರಾ? ಕರೆಂಟ್ ಬಿಲ್ಲಿಗೆ ನಾಳೆ ಕಡೇ ದಿನ. ಅತ್ತೆಯವರ ಬಿ.ಪಿ. ಮಾತ್ರೆ ಎರಡೇ ಉಳಿದಿವೆ. ನಾದಿನಿಯ ಮಗನ ಗೃಹಪ್ರವೇಶ ಬರುವ ಗುರುವಾರ. ಮೈದುನ ತೆಗೆದುಕೊಂಡು ಹೋದ ಡ್ರಿಲ್ಲಿಂಗ್ ಮೆಷಿನ್ ವಾಪಸ್ ಬಂದಿಲ್ಲ. ಇವನ್ನೆಲ್ಲ ಹೇಳಬೇಕಾದವಳು ನಾನು. ಈ ಖಾತೆಗೆ ಸಂಬಳವಿಲ್ಲ, ಭತ್ಯೆಯಿಲ್ಲ. ಒಂದು ಬಿರುದು ಮಾತ್ರ ಉಂಟು: 'ಇವಳದು ಯಾವಾಗಲೂ ಇದ್ದದ್ದೇ.' ಮರೆತವರದು ತಪ್ಪಲ್ಲ, ನೆನಪಿಸಿದವಳದು ರಗಳೆ!

ಮನೆಯಲ್ಲಷ್ಟೇ ಎಂದುಕೊಳ್ಳಬೇಡಿ. ಶಾಲೆಯಲ್ಲೂ ಇದೇ ಕತೆ. ರೂಪಣಾತ್ಮಕ ಪರೀಕ್ಷೆ ಮುಗಿದ ಮೇಲೆ ಎಲ್ಲ ವಿಷಯಗಳ ಅಂಕಪಟ್ಟಿಯನ್ನು ಒಟ್ಟುಮಾಡಿ ಕಂಪ್ಯೂಟರಿಗೆ ಏರಿಸಬೇಕು. ಅದನ್ನು ಒಟ್ಟುಮಾಡುವವರು ಯಾರು? ನಮ್ಮ ಮುಖ್ಯೋಪಾಧ್ಯಾಯರು ವರ್ಷಾರಂಭದ ಸಭೆಯಲ್ಲಿ ಸುತ್ತಲೂ ಒಮ್ಮೆ ನೋಡಿ, ಕೊನೆಗೆ ನನ್ನ ಕಡೆಗೋ ವಿಜ್ಞಾನದ ಮೇಡಂ ಕಡೆಗೋ ತಿರುಗಿ, 'ನೀವಾದರೆ ಬಿಡದೆ ಕೇಳುತ್ತೀರಿ ಮೇಡಂ' ಎನ್ನುತ್ತಾರೆ. ಅದು ಹೊಗಳಿಕೆ. ಡಿಸೆಂಬರ್ ಹೊತ್ತಿಗೆ ಅದೇ ಗುಣ ಸ್ಟಾಫ್‌ರೂಮಿನಲ್ಲಿ 'ಈ ಮೇಡಂ ಬಂದರೆ ಸಾಕಪ್ಪ, ಸಾಲ ವಸೂಲಿಗೆ ಬಂದಂಗೆ' ಆಗಿರುತ್ತದೆ.

ಈ ಖಾತೆಯನ್ನು ಒಂದು ಯಂತ್ರಕ್ಕೆ ವಹಿಸಿಕೊಟ್ಟು ಕೈ ತೊಳೆದುಕೊಂಡ ಹೆಣ್ಣುಮಗಳೊಬ್ಬಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳು ನನ್ನ ಮಗಳೇ.

ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳ ಕಂಪನಿಯವರು ಸರಕು ಲಾರಿಗಳ ಲೆಕ್ಕ ಇಡುವ ತಂತ್ರಾಂಶ ಮಾಡುತ್ತಾರೆ. ಲಾರಿ ಎಲ್ಲಿ ಹೊರಟಿತು, ಎಲ್ಲಿ ನಿಂತಿತು, ಎಷ್ಟು ಡೀಸೆಲ್ ಕುಡಿಯಿತು ಇತ್ಯಾದಿ. ಬಹಳ ವರ್ಷ ನನಗೆ ಇಷ್ಟೇ ಗೊತ್ತಿದ್ದದ್ದು. ಯಾರಾದರೂ 'ಮಗಳು ಏನು ಮಾಡ್ತಾಳೆ?' ಎಂದರೆ 'ಸಾಫ್ಟ್‌ವೇರು' ಎಂದರೆ ಮುಗಿಯಿತು, ಕೇಳಿದವರಿಗೂ ಅಷ್ಟೇ ಸಾಕಾಗಿರುತ್ತಿತ್ತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಶುರುವಾಗುವ ಎರಡು ದಿನ ಮುಂಚೆ ಅವಳು ತಿಪಟೂರಿಗೆ ಬಂದಳು. ಮಹಡಿಯ ಮೇಲೆ ಕೊಬ್ಬರಿ ಚೀಲ ಇಡುವ ಕೋಣೆಯನ್ನು ಗುಡಿಸಿ, ನನ್ನ ಹಳೆಯ ಹೊಲಿಗೆ ಯಂತ್ರದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಹೀಗೆ ಒಂದೂವರೆ ವರ್ಷ ನಡೆಯಿತು. ನನಗೂ ಶಾಲೆಯಿರಲಿಲ್ಲ. ಕಾಫಿ ಕೊಡುವ ನೆಪದಲ್ಲಿ ಹೋಗಿ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕೇಳುತ್ತಿದ್ದೆ. ಪಾಠ ಹೇಳುವವರಿಗೆ ಪಾಠ ಕೇಳುವ ಚಟ ಸ್ವಲ್ಪ ಹೆಚ್ಚೇ.

ಕೋಡ್ ಎಂದರೆ ಗಣಕಯಂತ್ರಕ್ಕೆ ಬರೆದುಕೊಟ್ಟ ಅಪ್ಪಣೆಗಳ ಸಾಲು. ಆ ಸಾಲುಗಳನ್ನು ಇಡುವ ಉಗ್ರಾಣಕ್ಕೆ ರೆಪಾಸಿಟರಿ ಎನ್ನುತ್ತಾರೆ. ಉಗ್ರಾಣ ಎನ್ನುವುದಕ್ಕಿಂತ ನಮ್ಮ ಶಾಲೆಯ ಅಡ್ಮಿಷನ್ ರಿಜಿಸ್ಟರ್ ಎಂದರೆ ಹೆಚ್ಚು ಸರಿ. ನೀವು ಮಾಸ್ತರಿಕೆಯವರಾದರೆ ನಿಮಗೆ ಗೊತ್ತು, ಆ ಪುಸ್ತಕದಲ್ಲಿ ಬಿಳಿ ಬಣ್ಣ ಬಳಿದು ಅಕ್ಷರ ಮುಚ್ಚುವಂತಿಲ್ಲ. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಹೊಡೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಹೆಡ್‌ಮಾಸ್ಟರ ಸಹಿ ಬೀಳಬೇಕು. ಹಳೆಯದು ಕಾಣುತ್ತಲೇ ಇರಬೇಕು. ಕೋಡಿನ ರಿಜಿಸ್ಟರೂ ಹಾಗೆಯೇ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಸಾಲನ್ನು ಬದಲಾಯಿಸಿದರು, ಯಾಕೆ ಎಂಬುದೆಲ್ಲ ಉಳಿದಿರುತ್ತದೆ. ಈ ರಿಜಿಸ್ಟರನ್ನು ನಡೆಸುವ ಗಿಟ್ ಎಂಬ ಸಾಧನವನ್ನು 2005ರಲ್ಲಿ ಮಾಡಿದವನು ಲೀನಸ್ ಟೊರ್ವಾಲ್ಡ್ಸ್, ಫಿನ್ಲೆಂಡಿನವನು. ಅದಕ್ಕೂ ಮುಂಚೆ ಲಿನಕ್ಸ್ ಮಾಡಿ ಹೆಸರಾದವನೇ. 'ಗಿಟ್' ಎಂದರೆ ಇಂಗ್ಲೆಂಡಿನ ಆಡುಮಾತಿನಲ್ಲಿ ಸೇರದ ಮನುಷ್ಯನಿಗೆ ಬಯ್ಯುವ ಮಾತಂತೆ. ತಾನು ಮಾಡುವುದಕ್ಕೆಲ್ಲ ತನ್ನ ಹೆಸರೇ ಇಡುತ್ತೇನೆಂದು ಆತ ತಮಾಷೆ ಮಾಡಿದ್ದನಂತೆ. ದೊಡ್ಡ ಕೆಲಸ ಮಾಡಿದ ಗಂಡಸರಿಗೆ ಸಿಡುಕು ಕೂಡ ಒಂದು ಆಭರಣ. ಹೆಣ್ಣಿಗೆ ಆ ರಿಯಾಯಿತಿ ಇದೆಯೇ, ನೀವೇ ಹೇಳಿ.

ಅದಿರಲಿ. ಮಗಳ ತಂಡದಲ್ಲಿ 18 ಜನ. ಬೆಂಗಳೂರಿನವರು, ಪುಣೆಯವರು, ಪೋಲೆಂಡಿನಲ್ಲಿ ನಾಲ್ವರು. ಹೆಂಗಸರು ಇಬ್ಬರೇ. ಇಂಥ ರಿಜಿಸ್ಟರುಗಳು 40ಕ್ಕೂ ಮೇಲೆ. ಒಬ್ಬರು ಒಂದು ತಿದ್ದುಪಡಿ ಬರೆದರೆ ಅದು ನೇರ ರಿಜಿಸ್ಟರಿಗೆ ಹೋಗುವುದಿಲ್ಲ. ಇನ್ನೊಬ್ಬರು ಓದಿ ಸರಿಯಿದೆ ಎನ್ನಬೇಕು. ತನ್ನ ಉತ್ತರಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವಂತಿಲ್ಲವಲ್ಲ, ಹಾಗೆ. ನಿಯಮವೇನೋ ಚೆನ್ನಾಗಿದೆ. ಆದರೆ ಇನ್ನೊಬ್ಬರ ಬರಹ ಓದುವುದಕ್ಕೆ ಯಾರಿಗೆ ಪುರಸತ್ತು? ತಿದ್ದುಪಡಿಗಳು ಬಂದು ಬಿದ್ದಿರುತ್ತಿದ್ದವು, ನಮ್ಮ ಸ್ಟಾಫ್‌ರೂಮಿನ ತಿದ್ದದ ಪತ್ರಿಕೆಗಳ ಕಟ್ಟಿನ ಹಾಗೆ. ಮಗಳು ಸೇರಿದ ಎರಡನೆಯ ವರ್ಷದಲ್ಲೇ ಅವಳ ಮೇಲಿನವರು, 'ನೀನು ಎಲ್ಲರ ಹಿಂದೆ ಬಿದ್ದು ಮುಗಿಸಿಸಮ್ಮಾ, ನಿನಗೆ ಅದು ಚೆನ್ನಾಗಿ ಬರುತ್ತೆ' ಎಂದಿದ್ದರಂತೆ. ಅವಳು ಹೇಳಿದಾಗ ನನಗೆ ನಮ್ಮ ಮುಖ್ಯೋಪಾಧ್ಯಾಯರೇ ವೇಷ ಬದಲಾಯಿಸಿ ಬೆಂಗಳೂರಿಗೆ ಹೋದಂತೆ ಕಂಡಿತು.

ಅವಳು ಹಿಂದೆ ಬಿದ್ದಳು. ದಿನಾ ಬೆಳಿಗ್ಗೆ ಕುಳಿತು ಯಾರ ಬಳಿ ಯಾವುದು ಬಾಕಿಯಿದೆ ಎಂದು ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುತ್ತಿದ್ದಳು. ಬರೆಯುವಾಗ ಮುಂದೆ 'ದಯವಿಟ್ಟು', ಹಿಂದೆ ಒಂದು ನಗುಮುಖದ ಬೊಂಬೆ. ಕೆಲವರು ಉತ್ತರಿಸುತ್ತಿರಲಿಲ್ಲ. ಒಬ್ಬರು, 'ನೋಡಿದ್ದೇನೆ, ನೆನಪಿದೆ, ಪದೇ ಪದೇ ಹೇಳಬೇಡ' ಎಂದು ಬರೆದಿದ್ದನ್ನು ನನಗೆ ತೋರಿಸಿದಳು. ಆ ವರ್ಷದ ಕೊನೆಯಲ್ಲಿ ಕೆಲಸದ ಮೌಲ್ಯಮಾಪನ ಬಂತು. ಕೋಡು ಚೆನ್ನಾಗಿ ಬರೆಯುತ್ತಾಳೆ, ಆದರೆ ಸಹೋದ್ಯೋಗಿಗಳ ಮೇಲೆ ಒತ್ತಡ ಹೇರುವ ಸ್ವಭಾವವಿದೆ, ಸುಧಾರಿಸಿಕೊಳ್ಳಬೇಕು ಎಂದಿತ್ತು. ಬರೆದವರು ಆ ಕೆಲಸ ಹಚ್ಚಿದ್ದ ಅದೇ ಮೇಲಿನವರು! ಅವತ್ತು ಅವಳು ಊಟಕ್ಕೆ ಕೆಳಗಿಳಿಯಲಿಲ್ಲ. ನಾನು ತಟ್ಟೆ ಹಿಡಿದು ಮೇಲೆ ಹೋದೆ. ಸಮಾಧಾನ ಹೇಳಲು ಬಾಯಿ ತೆರೆದರೆ ನನ್ನ 27 ವರ್ಷದ ಸೇವೆಯ ಪುರಾಣವೇ ಬಿಚ್ಚಿಕೊಳ್ಳುತ್ತದೆಂದು ತಿಳಿದು, ಸುಮ್ಮನೆ ತಟ್ಟೆ ಇಟ್ಟು ಬಂದೆ.

ಅವಳು ಅತ್ತದ್ದು ಒಂದೇ ದಿನ. ಮಾರನೆಯ ದಿನದಿಂದ ಏನೋ ಓದತೊಡಗಿದಳು. ಆಗ ನನಗೆ ಈ ಬಾಟ್ ಎಂಬ ಪ್ರಾಣಿಯ ಪರಿಚಯವಾದದ್ದು.

ಬಾಟ್ ಎಂದರೆ ಮಾತುಕತೆಯ ಜಾಗದಲ್ಲಿ ಮನುಷ್ಯರ ಜತೆಗೇ ಒಂದು ಹೆಸರಿಟ್ಟುಕೊಂಡು ಕುಳಿತಿರುವ ಆಳು. ಕರೆದರೆ ಓಗೊಡುತ್ತದೆ, ಹೇಳಿದ ಕೆಲಸ ಮಾಡುತ್ತದೆ. ಗಿಟ್‌ಹಬ್ ಎಂಬ ಕಂಪನಿಯವರು, ಅಂದರೆ ಲೋಕದ ಇಂಥ ರಿಜಿಸ್ಟರುಗಳನ್ನೆಲ್ಲ ಇಟ್ಟುಕೊಳ್ಳಲು ಜಾಗ ಕೊಟ್ಟವರು, ತಮ್ಮ ಮನೆಯೊಳಗೆ ಹ್ಯೂಬಾಟ್ ಎಂಬ ಆಳನ್ನು ಸಾಕಿಕೊಂಡಿದ್ದರಂತೆ. 2011ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಹರಟೆಯ ಕೋಣೆಯಲ್ಲಿ 'ಹ್ಯೂಬಾಟ್, ಹೊಸ ಕೋಡನ್ನು ಓಡಿಸು' ಎಂದು ಟೈಪು ಮಾಡಿದರೆ ಅದು ಓಡಿಸುತ್ತಿತ್ತು. ಬೇಸರವಾದಾಗ ಕೇಳಿದರೆ ನಾಯಿಮರಿಯ ಚಿತ್ರವನ್ನೂ ತಂದುಕೊಡುತ್ತಿತ್ತು. ಇದರ ಸೊಗಸು ಏನೆಂದರೆ, ಅಪ್ಪಣೆ ಕೊಟ್ಟದ್ದು ಎಲ್ಲರ ಮುಂದೆ, ಅದು ಮಾಡಿದ್ದೂ ಎಲ್ಲರ ಮುಂದೆ. ಹೊಸದಾಗಿ ಸೇರಿದವರು ಮೂಲೆಯಲ್ಲಿ ಕುಳಿತು ನೋಡಿಯೇ ಕೆಲಸ ಕಲಿಯುತ್ತಿದ್ದರು, ಹೊಸ ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಮನೆಯ ಸಾರಿನ ಹದ ಕಲಿಯುವ ಹಾಗೆ.

ಆಮೇಲೆ ಕುಬರ್ನೆಟೀಸ್ ಬಂತು. ಹೆಸರು ಗ್ರೀಕಿನದು, ಚುಕ್ಕಾಣಿ ಹಿಡಿಯುವವನು ಎಂದರ್ಥ. ಗೂಗಲ್‌ನವರು 2014ರಲ್ಲಿ ಹೊರಗೆ ಬಿಟ್ಟ ಈ ತಂತ್ರಾಂಶಕ್ಕೆ ಲೋಕದ ಮೂಲೆಮೂಲೆಯಿಂದ ಸಾವಿರಾರು ಜನ ತಿದ್ದುಪಡಿ ಕಳಿಸುತ್ತಾರೆ. ಒಬ್ಬರ ಮುಖ ಒಬ್ಬರು ಕಂಡಿಲ್ಲ. ಇವರನ್ನೆಲ್ಲ ಯಾವ ಹೆಡ್‌ಮಾಸ್ಟರು ಸಂಭಾಳಿಸಬೇಕು? ಅದಕ್ಕೇ ಅವರು ಪ್ರೌ ಎಂಬ ವ್ಯವಸ್ಥೆ ಮಾಡಿಕೊಂಡರು. ಪ್ರೌ ಎಂದರೆ ಹಡಗಿನ ಮೂತಿ. ತಿದ್ದುಪಡಿಯ ಕೆಳಗಿನ ಮಾತುಕತೆಯಲ್ಲಿ ಓರೆಗೆರೆ ಎಳೆದು ಒಂದು ಪದ ಬರೆದರೆ ಸಾಕು, ಬಾಟ್ ಹಿಡಿದುಕೊಳ್ಳುತ್ತದೆ. 'ಅಸೈನ್' ಎಂದರೆ ಅವರ ಹೆಸರಿಗೆ ಹಚ್ಚುತ್ತದೆ. 'ರೀಟೆಸ್ಟ್' ಎಂದರೆ ಮತ್ತೆ ಪರೀಕ್ಷೆ ನಡೆಸುತ್ತದೆ. 'ಎಲ್‌ಜಿಟಿಎಂ' ಎಂದರೆ 'ನನ್ನ ಕಣ್ಣಿಗೆ ಸರಿಯಾಗಿ ಕಾಣುತ್ತದೆ' ಎಂಬುದರ ಸಂಕ್ಷೇಪ. 'ಅಪ್ರೂವ್' ಎಂದರೆ ಒಪ್ಪಿಗೆ. ಸರಿ ಎನ್ನುವವರು, ಒಪ್ಪುವವರು, ಪರೀಕ್ಷೆಗಳು, ಮೂರೂ ಕೂಡಿ ಬಂದರೆ ಅದೇ ರಿಜಿಸ್ಟರಿಗೆ ಸೇರಿಸುತ್ತದೆ. 'ಮಿಯಾಂವ್' ಎಂದು ಬರೆದರೆ ಬೆಕ್ಕಿನ ಚಿತ್ರ ತಂದು ಅಂಟಿಸುತ್ತದೆ, ಇದು ಸುಳ್ಳಲ್ಲ.

ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು. ಮೊದಲನೆಯದು, ತನ್ನ ತಿದ್ದುಪಡಿಗೆ ತಾನೇ 'ಸರಿ' ಎಂದು ಬರೆದರೆ, ಬರೆದವನು ಎಷ್ಟೇ ದೊಡ್ಡವನಾಗಿರಲಿ, ಬಾಟ್ 'ಹಾಗೆ ಹೇಳುವಂತಿಲ್ಲ' ಎಂದು ಎಲ್ಲರೆದುರೇ ಹೇಳುತ್ತದೆ. ಎರಡನೆಯದು, ಒಬ್ಬರು 'ಸರಿ' ಎಂದ ಮೇಲೆ ಬರೆದವರು ಮತ್ತೆ ಬದಲಾಯಿಸಿ ಕಳಿಸಿದರೆ, ಆ 'ಸರಿ'ಯನ್ನು ಅದು ಕಿತ್ತುಹಾಕುತ್ತದೆ. ಸಹಿ ಬಿದ್ದ ಮೇಲೆ ಖಾಲಿ ಜಾಗದಲ್ಲಿ ಏನೇನೋ ಸೇರಿಸುವವರನ್ನು ನಾನು ಬಹಳ ಕಂಡಿದ್ದೇನೆ. ನಮ್ಮ ಕಡೆ ಈ ಆಳು ಇಲ್ಲವಲ್ಲ ಎನ್ನಿಸಿತು.

ಇನ್ನೊಂದುಂಟು. 90 ದಿನ ಯಾರೂ ಮುಟ್ಟದೆ ಬಿಟ್ಟದ್ದಕ್ಕೆ ಬಾಟ್ 'ಹಳಸಿದ್ದು' ಎಂದು ಚೀಟಿ ಅಂಟಿಸುತ್ತದೆ. ಮತ್ತೆ 30 ದಿನ ಬಿಟ್ಟರೆ 'ಕೊಳೆತದ್ದು'. ಇನ್ನೂ 30 ದಿನಕ್ಕೆ ಮುಚ್ಚಿಯೇಬಿಡುತ್ತದೆ. ನಡುವೆ ಯಾರಾದರೂ 'ಇನ್ನೂ ಬೇಕು' ಎಂದು ಚೀಟಿ ತೆಗೆಸಬಹುದು. ಈ ಮಾತು ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಫ್ರಿಜ್ಜಿನ ಮೂಲೆಯ ಡಬ್ಬಿಗಳಿಗೆ ನಾನು ಮಾಡುವುದೂ ಇದನ್ನೇ, 90 ದಿನ ಕಾಯುವುದಿಲ್ಲ ಅಷ್ಟೆ.

2021ರ ಬೇಸಿಗೆಯಲ್ಲಿ ಮಗಳು ಈ ವ್ಯವಸ್ಥೆಯನ್ನು ತನ್ನ ತಂಡಕ್ಕೆ ತಂದಳು. ಮೇಲಿನವರನ್ನು ಒಪ್ಪಿಸಲು ಆರು ವಾರ ಹಿಡಿಯಿತು. ಬಾಟಿಗೆ ಹೆಸರಿಡಬೇಕಲ್ಲ, ನನ್ನನ್ನು ಕೇಳಿದಳು. 'ರಿಜಿಸ್ಟರು ಕಾಯುವವನು ಶಾನುಭೋಗ ಕಣೆ' ಎಂದೆ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಸರ್ಕಾರ 1961ರ ಕಾಯಿದೆಯಿಂದ ತೆಗೆದುಹಾಕಿತು. ಆದರೂ ನಮ್ಮ ಕಡೆ ಹಳಬರಿಗೆ ಆ ಹೆಸರು ಕೇಳಿದರೆ ಅರ್ಧ ಗೌರವ, ಅರ್ಧ ಭಯ. ಬಾಟಿಗೆ ಇರಬೇಕಾದದ್ದೂ ಅದೇ. ಪೋಲೆಂಡಿನವರು 'ಶಾನ್‌ಬೋಗ್' ಎನ್ನುತ್ತಾರಂತೆ, ಎನ್ನಲಿ ಬಿಡಿ.

ಪ್ರೌ ಮಾಡದ ಒಂದು ಕೆಲಸವನ್ನು ಶಾನುಭೋಗರಿಗೆ ಮಗಳೇ ಬರೆದು ಸೇರಿಸಿದಳು. ದಿನಾ ಬೆಳಿಗ್ಗೆ ಹತ್ತೂವರೆಗೆ ತಂಡದ ಹರಟೆಯ ಕೋಣೆಯಲ್ಲಿ ಬಾಕಿ ಪಟ್ಟಿ ಓದುವುದು. ಇಂಥವರ ಬಳಿ ಇಂಥದ್ದು, ಇಷ್ಟು ದಿನದಿಂದ. ಆ ವಾಕ್ಯಗಳನ್ನು ಅವಳು ಹೊಸದಾಗಿ ಬರೆಯಲಿಲ್ಲ. ತಾನು ಹಿಂದೆ ಎಲ್ಲರಿಗೂ ಬರೆಯುತ್ತಿದ್ದುದನ್ನೇ ತೆಗೆದು ಹಾಕಿದಳು, 'ದಯವಿಟ್ಟು' ಮತ್ತು ನಗುಮುಖ ಮಾತ್ರ ಬಿಟ್ಟಳು.

ಮೊದಲ ವಾರದಲ್ಲೇ ಬಾಕಿ ಅರ್ಧಕ್ಕಿಳಿಯಿತು. 'ಪದೇ ಪದೇ ಹೇಳಬೇಡ' ಎಂದಿದ್ದ ಮಹಾಶಯರು ಶಾನುಭೋಗರಿಗೆ ಹೆಬ್ಬೆಟ್ಟು ತೋರಿಸಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. ಯಾರಿಗೂ ಒತ್ತಡವಾಗಲಿಲ್ಲ, ಯಾರ ಮಾನವೂ ಹೋಗಲಿಲ್ಲ. ಅದೇ ಮಾತು, ಅದೇ ಅಕ್ಷರ. ಹೇಳಿದ ಬಾಯಿ ಮಾತ್ರ ಬೇರೆ. ಮಗಳು ಖುಷಿಯಿಂದ ತೋರಿಸಿದಳು. ನನಗೂ ಖುಷಿಯೇ ಆಯಿತು. ಆದರೆ ಮೆಟ್ಟಿಲಿಳಿದು ಬರುವಾಗ ಹೊಟ್ಟೆಯೊಳಗೆ ಏನೋ ಉರಿಯುತ್ತಿತ್ತು. ಮೂರು ವರ್ಷ ನನ್ನ ಮಗಳ ಬಾಯಲ್ಲಿ ಕಹಿಯಾಗಿದ್ದದ್ದು ತಗಡಿನ ಬಾಯಲ್ಲಿ ಹೇಗೆ ಸಿಹಿಯಾಯಿತು?

ಇದು ನನ್ನ ತಾಯಿಕರುಳಿನ ದೂರು ಮಾತ್ರವಲ್ಲ. 2017ರಲ್ಲಿ ಅಮೆರಿಕದ ಸಂಶೋಧಕರು ಗಿಟ್‌ಹಬ್‌ನ ತಿದ್ದುಪಡಿಗಳನ್ನು ರಾಶಿ ಹಾಕಿಕೊಂಡು ಪರೀಕ್ಷಿಸಿ ಒಂದು ಅಧ್ಯಯನ ಪ್ರಕಟಿಸಿದರು. ಒಟ್ಟಿನಲ್ಲಿ ನೋಡಿದರೆ ಹೆಂಗಸರ ತಿದ್ದುಪಡಿಗಳೇ ಹೆಚ್ಚು ಒಪ್ಪಿಗೆ ಪಡೆದಿದ್ದವು. ಆದರೆ ಹೊರಗಿನಿಂದ ಬಂದವಳು, ಹೆಣ್ಣೆಂದು ಗುರುತು ಸಿಗುತ್ತದೆ ಎಂದಾದಾಗ ಗಂಡಸರ ಒಪ್ಪಿಗೆಯ ಪ್ರಮಾಣವೇ ಮೇಲಾಗಿತ್ತು. ಬರಹ ಚೆನ್ನಾಗಿದೆ, ಬರೆದವಳು ಕಾಣಬಾರದು. ಮಗಳು ಇದನ್ನು ಓದಿ ಹೇಳಿದಾಗ ಇವರು ಪೇಪರಿನಿಂದ ತಲೆಯೆತ್ತಿ, 'ಎಲ್ಲ ಕಡೆ ಹಾಗೇನಿಲ್ಲ ಬಿಡು' ಎಂದರು. ಅವತ್ತು ಗ್ಯಾಸ್ ಬುಕ್ ಮಾಡಿರಲಿಲ್ಲ, ನಾನೂ ನೆನಪಿಸಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಬಾಟ್ ಎಂದರೆ ಈಗ ಎಲ್ಲರಿಗೂ 2022ರ ಕೊನೆಯಲ್ಲಿ ಬಂದ ಚಾಟ್‌ಜಿಪಿಟಿಯ ಜಾತಿಯವೇ ನೆನಪಿಗೆ ಬರುತ್ತವೆ, ಕೇಳಿದ್ದಕ್ಕೆಲ್ಲ ಪ್ರಬಂಧ ಬರೆದು ಕೊಡುವಂಥವು. ನನ್ನ ಒಂಬತ್ತನೇ ತರಗತಿಯ ಹುಡುಗರು ಕೂಡ ಅದರಲ್ಲಿ ನಿಪುಣರು. ಶಾನುಭೋಗರು ಆ ಜಾತಿಯಲ್ಲ. ಬರೆದುಕೊಟ್ಟ ನಿಯಮದ ಆಚೆಗೆ ಒಂದು ಹೆಜ್ಜೆ ಇಡುವವರಲ್ಲ, ಸ್ವಂತ ಅಭಿಪ್ರಾಯ ಅವರಿಗಿಲ್ಲ. ಈಚೆಗೆ ಆ ಹೊಸ ಜಾತಿಯದನ್ನೂ ಇವರು ತಂದು ಪಕ್ಕಕ್ಕೆ ಕೂರಿಸಿದ್ದಾರೆ. ಅದು ಕೋಡು ಓದಿ 'ಇಲ್ಲಿ ತಪ್ಪಿರಬಹುದು' ಎನ್ನುತ್ತದೆ, ಎಷ್ಟೋ ಸಲ ಸರಿಯೂ ಇರುತ್ತದಂತೆ. ಆದರೆ ಅದರ 'ಸರಿ' ಲೆಕ್ಕಕ್ಕಿಲ್ಲ, ಒಪ್ಪಿಗೆ ಮನುಷ್ಯರದೇ ಆಗಬೇಕು ಎಂದು ಮಗಳು ಹಟ ಹಿಡಿದು ನಿಯಮ ಮಾಡಿಸಿದ್ದಾಳೆ. 'ನಾಳೆ ಲಾರಿ ದಾರಿ ತಪ್ಪಿದರೆ ಯಾರನ್ನ ಕೇಳೋಣಮ್ಮ?' ಎನ್ನುತ್ತಾಳೆ. ಸರಿಯಾಗಿದೆ.

ಮನುಷ್ಯರ ಒಪ್ಪಿಗೆ ಎಂದೆನಲ್ಲ, ಯಾವ ಮನುಷ್ಯರದು? ಅದಕ್ಕೂ ಒಂದು ಪಟ್ಟಿಯಿದೆ. ಪ್ರತಿ ರಿಜಿಸ್ಟರಿನಲ್ಲೂ 'ಓನರ್ಸ್' ಎಂಬ ಒಂದು ಹಾಳೆ. ಇಲ್ಲಿ ಓದಿ ನೋಡುವವರು ಇವರು, ಒಪ್ಪಿಗೆ ಕೊಡುವವರು ಇವರು ಎಂದು ಹೆಸರುಗಳಿರುತ್ತವೆ. ಶಾನುಭೋಗರು ತಲೆಬಾಗುವುದು ಆ ಹಾಳೆಗೆ ಮಾತ್ರ. ಹೆಸರಿಲ್ಲದವರು ಸಾವಿರ ಸಲ 'ಒಪ್ಪಿದೆ' ಎಂದರೂ ಕೇಳುವುದಿಲ್ಲ. ಕೆಲಸ ಬಿಟ್ಟು ಹೋದವರಿಗೆಂದು ಅದೇ ಹಾಳೆಯಲ್ಲಿ ಇನ್ನೊಂದು ಸಾಲುಂಟು, 'ಎಮೆರಿಟಸ್', ಅಂದರೆ ನಿವೃತ್ತ ಗೌರವಾನ್ವಿತರು. ಹೆಸರಿರುತ್ತದೆ, ಅಧಿಕಾರವಿರುವುದಿಲ್ಲ. ಗೋಡೆಗೆ ಹಾಕಿದ ಹಾರದ ಫೋಟೋ ಇದ್ದಂತೆ. ಒಪ್ಪಿಗೆ ಕೊಡುವವರ ಸಾಲಿನಲ್ಲಿ ಮಗಳ ಹೆಸರು 12 ರಿಜಿಸ್ಟರುಗಳಲ್ಲಿತ್ತು. ಅದನ್ನು ಯಾರೂ ಅವಳಿಗೆ ದಾನ ಕೊಟ್ಟಿರಲಿಲ್ಲ.

2024ರಲ್ಲಿ ಅವಳು ಹೆರಿಗೆಗೆ ಬಂದಳು. 2017ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತಲ್ಲ, ಅಷ್ಟೂ ಸಿಕ್ಕಿತು. ನಮ್ಮ ಕಾಲದ್ದು ಬೇರೆಯೇ. 1994ರಲ್ಲಿ ಇವಳು ಹುಟ್ಟಿದಾಗ ನಾನು ಮೂರು ತಿಂಗಳಿಗೆ ಎದೆ ಕಟ್ಟಿಕೊಂಡು ಶಾಲೆಗೆ ಓಡಿದ್ದೆ. ಹೋಗಿ ನೋಡಿದರೆ ನನ್ನ ಹತ್ತನೇ ತರಗತಿಯ ಕನ್ನಡವನ್ನು ಬೇರೆಯವರಿಗೆ ಕೊಟ್ಟಾಗಿತ್ತು. 'ನಿಮಗೆ ಹಗುರವಾಗಲಿ ಅಂತ ಮೇಡಂ' ಎಂದರು. ದ್ವೇಷದಿಂದ ಮಾಡಿದ್ದಲ್ಲ, ಅದೇ ಕಷ್ಟ. ದ್ವೇಷವಾದರೆ ಜಗಳವಾಡಬಹುದು, ಕರುಣೆಯ ಜತೆ ಹೇಗೆ ಜಗಳವಾಡುವುದು? ಆ ತರಗತಿ ನನಗೆ ಮರಳಿ ಬಂದದ್ದು ಮೂರು ವರ್ಷದ ಮೇಲೆ.

ಮಗುವಿಗೆ ಮೂರೂವರೆ ತಿಂಗಳು ಆಗಿದ್ದಾಗ ಒಂದು ರಾತ್ರಿ ಮಗಳ ಫೋನು ಕಿಣಿ ಎಂದಿತು. ಬಾಣಂತಿ ಕೋಣೆಯಲ್ಲಿ ಫೋನು ಬೇಡವೆಂದು ನಾನು ಎಷ್ಟು ಹೇಳಿದರೂ ಕೇಳಿರಲಿಲ್ಲ. ತಲೆಗೆ ಸ್ಕಾರ್ಫು, ಕಿವಿಯಲ್ಲಿ ಹತ್ತಿ, ತೊಡೆಯ ಮೇಲೆ ಹಾಲು ಕುಡಿಯುತ್ತಿದ್ದ ಮಗು, ಒಂದು ಕೈಯಲ್ಲಿ ಫೋನು. ಓದಿ ಸುಮ್ಮನೆ ನನ್ನ ಕಡೆ ಚಾಚಿದಳು. ತಂಡದ ಒಬ್ಬ ಸಹೋದ್ಯೋಗಿ ಓನರ್ಸ್ ಹಾಳೆಗೆ ಒಂದು ತಿದ್ದುಪಡಿ ಕಳಿಸಿದ್ದ. 12 ಕಡೆಯೂ ಅವಳ ಹೆಸರನ್ನು ಮೇಲಿನ ಸಾಲಿನಿಂದ ತೆಗೆದು ಎಮೆರಿಟಸ್ ಸಾಲಿಗೆ ಹಾಕುವುದು. ಕಾರಣವೆಂದು ಅವರದೇ ನಿಯಮ ಬರೆದಿದ್ದ: ಮೂರು ತಿಂಗಳು ಯಾವ ತಿದ್ದುಪಡಿಯನ್ನೂ ನೋಡದವರನ್ನು ಸರಿಸಬಹುದು. ಕೆಳಗೆ, 'ಅವಳಿಗೂ ಈಗ ನೆಮ್ಮದಿ ಬೇಕು' ಎಂದಿತ್ತು. ಆಗಲೇ ಒಬ್ಬರು 'ಸರಿ' ಎಂದಿದ್ದರು. ಇನ್ನೊಬ್ಬರು 'ಒಪ್ಪಿದೆ' ಎಂದರೆ ಶಾನುಭೋಗರು ಮರುಮಾತಿಲ್ಲದೆ ಬರೆದುಕೊಳ್ಳುತ್ತಿದ್ದರು. ಹೆರಿಗೆಯೋ ಕಾಶಿಯಾತ್ರೆಯೋ ಅವರಿಗೇನು ಗೊತ್ತು? ಅವರು ದಿನ ಎಣಿಸುವವರು.

'ಹಗುರವಾಗಲಿ ಅಂತ' ಎಂದೆ ನಾನು. ಅವಳಿಗೆ ಆ ಕತೆ ಗೊತ್ತಿತ್ತು.

ಅವಳು ಮಗುವನ್ನು ಭುಜಕ್ಕೆ ಹಾಕಿಕೊಂಡು, ಬೆನ್ನು ತಟ್ಟುತ್ತಲೇ, ಹೆಬ್ಬೆರಳಿನಲ್ಲಿ ಒಂದು ಪದ ಟೈಪು ಮಾಡಿದಳು. ಓರೆಗೆರೆ, 'ಹೋಲ್ಡ್'. ಅಂದರೆ ತಡೆ. ಅದರ ಕೆಳಗೆ ಒಂದು ಸಾಲು: ನಾನು ರಜೆಯಲ್ಲಿದ್ದೇನೆ, ಹೋಗಿಲ್ಲ. ಕ್ಷಣದಲ್ಲಿ ಶಾನುಭೋಗರು 'ಸೇರಿಸಬಾರದು' ಎಂಬ ಚೀಟಿ ಅಂಟಿಸಿದರು.

'ಅವರು ಅಷ್ಟು ಸುಲಭವಾಗಿ ಕೇಳಿಬಿಟ್ಟರಾ?' ಎಂದೆ. ಅವಳು ವಿವರಿಸಿದಳು. ಒಪ್ಪಿಗೆ ಕೊಡಲು ಪಟ್ಟಿಯಲ್ಲಿ ಹೆಸರಿರಬೇಕು. ತಡೆ ಎನ್ನಲು ಪಟ್ಟಿ ಬೇಕಿಲ್ಲ, ಕುಬರ್ನೆಟೀಸ್‌ನವರ ಪ್ರೌನಲ್ಲಿ ಅದು ಯಾರಿಗೂ ಉಂಟು. ನಿನ್ನೆ ಬಂದ ಹುಡುಗಿಯೂ ಎನ್ನಬಹುದು. ಆ ತಡೆಯನ್ನು ಯಾರು ಬೇಕಾದರೂ ತೆಗೆಯಲೂಬಹುದು, ಆದರೆ ಎಲ್ಲರ ಕಣ್ಣೆದುರು, ತನ್ನ ಹೆಸರಿನಲ್ಲಿ 'ತಡೆ ರದ್ದು' ಎಂದು ಬರೆದು ತೆಗೆಯಬೇಕು. ನಾಲ್ಕು ದಿನ ಯಾರೂ ಬರೆಯಲಿಲ್ಲ. ಬಾಣಂತಿಯ ತಡೆಯನ್ನು ರದ್ದು ಮಾಡಿದವನೆಂದು ರಿಜಿಸ್ಟರಿನಲ್ಲಿ ಶಾಶ್ವತವಾಗಿ ಉಳಿಯುವುದು ಯಾರಿಗೆ ಬೇಕು? ಐದನೆಯ ದಿನ ಪೋಲೆಂಡಿನ ಒಬ್ಬರು, ಅವರೂ ಎರಡು ಮಕ್ಕಳ ತಾಯಿ, ಈ ನಿಯಮದಲ್ಲಿ ರಜೆಯ ದಿನಗಳನ್ನು ಎಣಿಸಬಾರದು ಎಂದು ಬರೆದರು. ಅದಕ್ಕೆ ಆರು ಜನ ಹೆಬ್ಬೆಟ್ಟು ಒತ್ತಿದರು. ತಿದ್ದುಪಡಿ ಕಳಿಸಿದ್ದ ಹುಡುಗ ತಾನೇ ಮುಚ್ಚಿದ. 'ಒಳ್ಳೆಯ ಮನಸ್ಸಿನಿಂದ ಮಾಡಿದೆ' ಎಂದು ಅವಳಿಗೆ ಬೇರೆಯಾಗಿ ಬರೆದನಂತೆ. ಇರಬಹುದು. ಅವಳು ಉತ್ತರ ಕೊಡಲಿಲ್ಲ, ಮಗುವಿಗೆ ಎಣ್ಣೆನೀರಿನ ಹೊತ್ತಾಗಿತ್ತು.

ಆ ನಿಯಮವನ್ನು ಬದಲಾಯಿಸಿ ಬರೆಯುವ ಕೆಲಸ ಯಾರ ಪಾಲಿಗೆ ಬಂತೆಂದು ನೀವು ಊಹಿಸಿರುತ್ತೀರಿ. ಬಂತು. ಆದರೆ ಅವಳು, 'ರಜೆ ಮುಗಿದ ಮೇಲೆ' ಎಂದು ಬರೆದು ಫೋನನ್ನು ದಿಂಬಿನ ಕೆಳಗಿಟ್ಟಳು. ಅಲ್ಲಿಯವರೆಗೆ ಪೋಲೆಂಡಿನವರೇ ಬರೆದು ಮುಗಿಸಿದ್ದರು.

26 ವಾರ ಮುಗಿದ ಸೋಮವಾರ ಅವಳು ಮತ್ತೆ ಮಹಡಿಯ ಕೋಣೆಗೆ ಹತ್ತಿದಳು. ಇನ್ನೂ ಒಂದು ತಿಂಗಳು ಇಲ್ಲಿಂದಲೇ ಕೆಲಸ ಮಾಡಲು ಒಪ್ಪಿಗೆ ಸಿಕ್ಕಿತ್ತು. ಮಗುವಿಗೆ ಆಗಷ್ಟೇ ರಾಗಿ ಸರಿ ಶುರುಮಾಡಿದ್ದೆವು. ನಾನು ಅರ್ಧ ದಿನ ರಜೆ ಹಾಕಿ, ಬಟ್ಟಲು ಹಿಡಿದು ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಅವಳು ಮೊದಲು ತೆರೆದದ್ದು ರಜೆಗೆ ಮುಂಚೆ ತಾನು ಅರ್ಧಕ್ಕೆ ಬಿಟ್ಟುಹೋಗಿದ್ದ ಕೆಲಸಗಳ ಪಟ್ಟಿ. 11 ಇದ್ದವು. ಏಳನ್ನು ಶಾನುಭೋಗರು 150 ದಿನ ಎಣಿಸಿ ಮುಚ್ಚಿಬಿಟ್ಟಿದ್ದರು. ಉಳಿದ ನಾಲ್ಕರ ಮೇಲೆ, ನಡುವೆ ಯಾರೋ ಮಾತಾಡಿದ್ದರಿಂದ, 'ಕೊಳೆತದ್ದು' ಎಂಬ ಚೀಟಿ ಮಾತ್ರ ಅಂಟಿತ್ತು.

'ಅಯ್ಯೋ, ನಿನ್ನ ಆಳೇ ನಿನಗೆ ಹೀಗೆ ಮಾಡೋದೇ?' ಎಂದೆ.

'ಅವರು ಯಾರ ಆಳೂ ಅಲ್ಲಮ್ಮ' ಎಂದು, ಒಂದೊಂದಾಗಿ ಓದುತ್ತಾ ಹೋದಳು. ಮುಚ್ಚಿದ್ದಕ್ಕೆ 'ಮತ್ತೆ ತೆರೆ' ಎಂದಳು, ಕೊಳೆತದ್ದರ ಚೀಟಿ ತೆಗೆಸಿದಳು. ಒಂಬತ್ತಾದವು. ಕೊನೆಯ ಎರಡರ ಮುಂದೆ ಸ್ವಲ್ಪ ಹೊತ್ತು ಕುಳಿತಳು.

'ಇವು ಯಾಕೆ?' ಎಂದೆ.

'ಬಿಡಮ್ಮ, ಇವೆರಡು ನಿಜವಾಗಲೂ ಕೊಳೆತಿವೆ' ಎಂದು ಮುಂದಿನದಕ್ಕೆ ಹೋದಳು.